ಎದೆಯುರಿಗೆ ಆಪರೇಷನ್: ಹೂಂ ಎನ್ನುವ ಮೊದಲು

ನಮ್ಮ ದಾವಣಗೆರೆಯಲ್ಲಿ ಹೊಟ್ಟೆಯ ಯಾವ ತಾಪತ್ರಯಕ್ಕೂ ಒಂದೇ ಹೆಸರು: ಗ್ಯಾಸ್ಟ್ರಿಕ್. ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು ಒಂಬತ್ತು ವರ್ಷ ಎಲ್ಲವನ್ನೂ ಈ ಒಂದೇ ಖಾತೆಗೆ ಜಮೆ ಮಾಡಿಕೊಂಡು, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿದ್ದೆ. ಕೊನೆಗೆ, ಜಠರದ ಆಮ್ಲ ಮೇಲೇರದಂತೆ ಅನ್ನನಾಳದ ಕೆಳಬಾಗಿಲನ್ನು ಬಿಗಿಯುವ ಆಪರೇಷನ್ ಮಾಡಿಸಿಕೊಂಡೆ. ಚಿತ್ರದುರ್ಗದಲ್ಲಿರುವ ನನ್ನ ಅಕ್ಕನಿಗೆ ನನಗಿಂತ ಜೋರು ಉರಿ. ಅವರಿಗೆ ಆಪರೇಷನ್ ಬೇಡವೆಂದಾಯಿತು. ಕೇಳಿದವರಿಗೆಲ್ಲ ಇದು ಉಲ್ಟಾ ಆಯಿತಲ್ಲ ಎನಿಸುತ್ತದೆ. ಆಗಿಲ್ಲ. ಎಷ್ಟು ಉರಿಯುತ್ತದೆ ಎನ್ನುವುದನ್ನು ನೋಡಿ ಈ ಆಪರೇಷನ್ ಮಾಡಿಸುವುದಲ್ಲ. ಉರಿಸುತ್ತಿರುವುದು ಆಮ್ಲವೇ ಎನ್ನುವುದಕ್ಕೆ ಕೈಯಲ್ಲಿ ಪುರಾವೆ ಬೇಕು. ಆ ಪುರಾವೆ ಹೇಗೆ ಸಿಗುತ್ತದೆ, ಸಿಕ್ಕ ಮೇಲೆ ಏನನ್ನು ತೂಗಿ ನೋಡಬೇಕು ಎಂಬುದನ್ನು ನಾನು ನಡೆದ ಹಾದಿಯ ಕ್ರಮದಲ್ಲೇ ಹೇಳುತ್ತೇನೆ. ನಾನು ವೈದ್ಯನಲ್ಲ, ಆದ್ದರಿಂದ ಇಲ್ಲಿರುವುದನ್ನು ನಿಮ್ಮ ವೈದ್ಯರ ಮುಂದೆ ಕೇಳಬೇಕಾದ ಪ್ರಶ್ನೆಗಳೆಂದು ಓದಿಕೊಳ್ಳಿ.

ಮೊದಲು ಹೃದಯ, ಆಮೇಲೆ ಹೊಟ್ಟೆ

ನಡೆದರೆ ಅಥವಾ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗಿ ನಿಂತರೆ ಕಡಿಮೆಯಾಗುತ್ತದೆಯೇ? ನೋವು ಎಡಗೈಗೆ, ದವಡೆಗೆ ಇಳಿಯುತ್ತದೆಯೇ? ಜೊತೆಗೆ ಬೆವರುತ್ತದೆಯೇ? ಸೋಡಾ ಕುಡಿದು ಕಾಯುತ್ತ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಗ್ಯಾಸ್ಟ್ರಿಕ್ ಎಂದುಕೊಂಡು ಹೃದಯಾಘಾತವನ್ನು ರಾತ್ರಿಯಿಡೀ ತಡೆದುಕೊಂಡವರ ಕತೆ ಪ್ರತಿ ಓಣಿಯಲ್ಲೂ ಒಂದಿರುತ್ತದೆ.

ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನಂತೆ ಕಪ್ಪಾದ ಮಲ, ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ಮಾತ್ರೆ ಬದಲಿಸಿ ನೋಡುವ ಆಟ ನಿಲ್ಲಿಸಿ ಎಂಡೋಸ್ಕೋಪಿಗೆ ಹೋಗಿ.

ಮಾತ್ರೆ ನುಂಗಿದ್ದು ಸರಿಯಾದ ಹೊತ್ತಿಗೇ?

ಮಾತ್ರೆ ಕೇಳುತ್ತಿಲ್ಲ ಎನ್ನುವ ಮಾತಿನಿಂದಲೇ ಆಪರೇಷನ್ನಿನ ಯೋಚನೆ ಶುರುವಾಗುತ್ತದೆ. ನನ್ನದೂ ಹಾಗೆಯೇ. ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಪ್ಯಾಂಟೊಪ್ರಜೋಲ್ ನುಂಗಿ ಮಂಡಿಗೆ ಹೋಗುತ್ತಿದ್ದೆ. ಮೆಕ್ಕೆಜೋಳದ ಆವಕ ಬಂದ ದಿನ ಚೀಲ ಎಣಿಸಿ, ತೂಕದ ಚೀಟಿ ಹೊಂದಿಸಿ, ತಿಂಡಿ ತಿನ್ನುವಾಗ ಹತ್ತೂವರೆ. ಖಾಲಿ ಹೊಟ್ಟೆಯ ನಿಯಮ ಪಾಲಿಸಿದ್ದೇನೆ ಎಂಬ ಹೆಮ್ಮೆ ಬೇರೆ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಎಸೊಮೆಪ್ರಜೋಲ್ ಎಲ್ಲವೂ ಒಂದೇ ಕುಲದವು. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪುಗಳು ಊಟ ಬಂದಾಗ ಕೆಲಸಕ್ಕೆ ಇಳಿಯುತ್ತವೆ. ಹಾಗೆ ಕೆಲಸದಲ್ಲಿ ತೊಡಗಿದ ಪಂಪುಗಳನ್ನಷ್ಟೇ ಈ ಮಾತ್ರೆ ಮುಚ್ಚಬಲ್ಲದು. ಆದ್ದರಿಂದ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಮಾತ್ರೆ, ಆಮೇಲೆ ಊಟ ತಪ್ಪಬಾರದು. ಐದು ಗಂಟೆ ಕಾಯಿಸಿದರೆ ಮಾತ್ರೆ ಬಂದು ಹೋಗಿರುತ್ತದೆ, ಪಂಪು ಆಮೇಲೆ ಬಾಗಿಲು ತೆಗೆಯುತ್ತದೆ. ಉರಿ ಬಂದಾಗ ಒಂದು ನುಂಗುವವರದೂ ಇದೇ ಗತಿ. ಸರಿಯಾದ ಹೊತ್ತಿಗೆ ಎಂಟು ವಾರ ಬಿಡದೆ ನುಂಗಿ, ಬೇಕಾದರೆ ವೈದ್ಯರ ಸೂಚನೆಯಂತೆ ದಿನಕ್ಕೆ ಎರಡು ಹೊತ್ತು ಮಾಡಿ, ಅದೂ ಆಗದಿದ್ದರೆ ಮಾತ್ರ ಕೇಳಲಿಲ್ಲ ಎನ್ನಬಹುದು.

ಜೊತೆಗೆ ರಾತ್ರಿಯ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿರಲಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬಿನ ಮೇಲೆ ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆ ಒತ್ತುತ್ತದೆ, ಅದರಿಂದ ಕೆಡುಕೇ ಹೆಚ್ಚು. ಎಡಮಗ್ಗುಲಾಗಿ ಮಲಗಿ. ಹೊಟ್ಟೆಯ ಸುತ್ತಳತೆ ಇಳಿಸಿ. ತಂಬಾಕು ಬಿಡಿ. ಮಿರ್ಚಿ ಮಂಡಕ್ಕಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಸಂಜೆ ಆರಕ್ಕೆ ತಿನ್ನಿ, ರಾತ್ರಿ ಹತ್ತಕ್ಕೆ ಬೇಡ.

ಈ ಘಟ್ಟದಲ್ಲೇ ಕೆಲವರ ದಾರಿ ಮುಗಿಯುತ್ತದೆ. ಉರಿ ಹಿಡಿತಕ್ಕೆ ಬಂದಿದ್ದರೆ ಆಪರೇಷನ್ ಮಾಡಿಸಲೇಬೇಕಾದ ಒತ್ತಡವಿಲ್ಲ. ವರ್ಷಗಟ್ಟಲೆ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ಮೂಳೆ ಸವೆಯುತ್ತದೆ ಎಂದು ಹೆದರಿಸುವವರು ಇದ್ದೇ ಇರುತ್ತಾರೆ. 17,598 ಜನರಲ್ಲಿ ಒಂದು ಗುಂಪಿಗೆ ಪ್ಯಾಂಟೊಪ್ರಜೋಲ್, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮಾತ್ರೆಯ ಗುಂಪಿನಲ್ಲಿ ಸ್ಪಷ್ಟವಾಗಿ ಹೆಚ್ಚು ಕಂಡದ್ದು ಕರುಳಿನ ಸೋಂಕು ಮಾತ್ರ. ಅದೂ ನೂರಕ್ಕೆ ಒಂದೂವರೆಯೊಳಗೆ. ಆ ಹೆದರಿಕೆಯೊಂದನ್ನೇ ಕಾರಣ ಮಾಡಿಕೊಂಡು ಹೊಟ್ಟೆಗೆ ತೂತು ಮಾಡಿಸಿಕೊಳ್ಳಬೇಡಿ.

ಎಂಡೋಸ್ಕೋಪಿ ವರದಿಯಲ್ಲಿ ಹುಡುಕಬೇಕಾದ ಅಕ್ಷರ

ನಮ್ಮ ಕಡೆಯ ಎಂಡೋಸ್ಕೋಪಿ ವರದಿಗಳಲ್ಲಿ ಎರಡು ಮಾತು ಪದೇ ಪದೇ ಕಾಣುತ್ತವೆ: ಆಂಟ್ರಲ್ ಗ್ಯಾಸ್ಟ್ರೈಟಿಸ್, ಲ್ಯಾಕ್ಸ್ ಎಲ್‌ಇಎಸ್. ಮೊದಲನೆಯದು ಜಠರದ ಒಳಪದರ ಕೆಂಪಾಗಿದೆ ಎಂದು, ಎರಡನೆಯದು ಅನ್ನನಾಳದ ಕೆಳಬಾಗಿಲು ಸಡಿಲವಾಗಿ ಕಂಡಿತೆಂದು. ಎರಡೂ ಆಪರೇಷನ್ನಿಗೆ ಪುರಾವೆಯಲ್ಲ.

ನೀವು ಹುಡುಕಬೇಕಾದದ್ದು ಲಾಸ್ ಏಂಜಲೀಸ್ ಗ್ರೇಡ್ ಎಂಬ ಮಾತಿನ ಮುಂದಿರುವ ಅಕ್ಷರ. ಅನ್ನನಾಳದಲ್ಲಿ ಆಮ್ಲದಿಂದಾದ ಹುಣ್ಣನ್ನು ಎಯಿಂದ ಡಿವರೆಗೆ ದರ್ಜೆ ಕಟ್ಟುತ್ತಾರೆ. ಸಿ, ಡಿ ಇದ್ದರೆ ಪುರಾವೆ ಸಿಕ್ಕಂತೆ; ಬಿ ಇದ್ದರೂ ಈಗಿನ ತಜ್ಞರ ಒಮ್ಮತ ಒಪ್ಪುತ್ತದೆ. ಎ ಮಾತ್ರ ಇದ್ದರೆ ಸಾಲದು, ಉರಿಯೇ ಇಲ್ಲದವರಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಬ್ಯಾರೆಟ್ ಎಂಬ ಹೆಸರು, ಅಂದರೆ ಆಮ್ಲ ತಾಗಿ ತಾಗಿ ಅನ್ನನಾಳದ ಒಳಪದರವೇ ಬದಲಾಗಿದೆ ಎಂದು, ಬರೆದಿದ್ದರೆ ಬಯಾಪ್ಸಿ ವರದಿಯನ್ನೂ ತೆಗೆದುಕೊಳ್ಳಿ. ಹಯಾಟಸ್ ಹರ್ನಿಯಾ ಇದ್ದರೆ ಎಷ್ಟು ಸೆಂಟಿಮೀಟರ್ ಎಂದು ಕೇಳಿ. ಅಂದರೆ ಜಠರದ ಮೇಲ್ತುದಿ, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕಿಂಡಿಯಿಂದ ಎಷ್ಟು ಮೇಲೆ ನುಸುಳಿದೆ ಎಂಬ ಲೆಕ್ಕ. ನನ್ನದು ನಾಲ್ಕು ಸೆಂಟಿಮೀಟರ್ ಇತ್ತು.

ಮಾತ್ರೆ ತಿನ್ನುತ್ತಲೇ ಎಂಡೋಸ್ಕೋಪಿ ಮಾಡಿಸಿದರೆ ಹುಣ್ಣು ಮಾಗಿ ಎಲ್ಲ ಸಹಜವೆಂದು ಬರುವುದುಂಟು. ಸಹಜ ಎಂದು ಬಂದರೆ ಆಮ್ಲ ಮೇಲೇರುತ್ತಿಲ್ಲ ಎಂದರ್ಥವಲ್ಲ. ಹಾಗಾದಾಗ ಮುಂದಿನ ಪರೀಕ್ಷೆ ಬಿಟ್ಟು ಗತಿಯಿಲ್ಲ.

ಇಪ್ಪತ್ತನಾಲ್ಕು ಗಂಟೆಯ ತಂತಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು: ಪಿಎಚ್ ಪರೀಕ್ಷೆ, ಅಂದರೆ ಆಮ್ಲ ಅನ್ನನಾಳಕ್ಕೆ ಎಷ್ಟು ಹೊತ್ತು ಏರುತ್ತದೆ ಎಂದು ಅಳೆಯುವುದು. ಎಲ್ಲ ಆಸ್ಪತ್ರೆಗಳಲ್ಲೂ ಇದು ಇರುವುದಿಲ್ಲ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಮೊದಲು ಫೋನ್ ಮಾಡಿ, ಪಿಎಚ್ ಇಂಪೀಡೆನ್ಸ್ ಮತ್ತು ಮಾನೋಮೆಟ್ರಿ ಎರಡೂ ಇವೆಯೇ ಎಂದು ಕೇಳಿಕೊಂಡೇ ಹೊರಡಿ. ನಾನು ಬೆಂಗಳೂರಿಗೆ ಹೋದೆ. ಅದಕ್ಕೂ ಮುಂಚೆ ನಮ್ಮೂರ ಸುತ್ತಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ನೋಡಿದ ಕೂಡಲೇ ಆಪರೇಷನ್ನಿಗೆ ದಿನ ಗೊತ್ತು ಮಾಡಿಬಿಟ್ಟಿದ್ದರು. ಈ ಪರೀಕ್ಷೆ ಬೇಡವೇ ಎಂದಾಗ, ಕಣ್ಣಿಗೇ ಕಾಣುತ್ತಿದೆಯಲ್ಲ ಎಂದರು. ನನ್ನ ವಿಷಯದಲ್ಲಿ ಅವರ ಊಹೆ ಕೊನೆಗೆ ಸರಿಯಾಯಿತು. ಆದರೂ ಊಹೆಯ ಮೇಲೆ ರಶೀದಿ ಹರಿಯುವವನಲ್ಲ ನಾನು.

ಸಾಮಾನ್ಯವಾಗಿ ಏಳು ದಿನ ಮೊದಲೇ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ಆ ವಾರ ನರಕ. ಕೆಲಸದ ಒತ್ತಡವಿಲ್ಲದ ವಾರವನ್ನೇ ಆರಿಸಿಕೊಳ್ಳಿ, ತಡೆಯದಾದಾಗ ಯಾವ ದ್ರವ ಔಷಧ ತೆಗೆದುಕೊಳ್ಳಬಹುದೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಮೊದಲು ಮಾನೋಮೆಟ್ರಿ. ಮೂಗಿನಿಂದ ನಳಿಕೆ ಇಳಿಸಿ, ಗುಟುಕು ಗುಟುಕಾಗಿ ನೀರು ನುಂಗಿಸಿ, ಅನ್ನನಾಳ ಎಷ್ಟು ಬಲವಾಗಿ ಹಿಂಡುತ್ತದೆ, ಕೆಳಬಾಗಿಲು ಹೇಗೆ ತೆರೆದು ಮುಚ್ಚುತ್ತದೆ ಎಂದು ಅಳೆಯುತ್ತಾರೆ. ಅರ್ಧ ಗಂಟೆಯ ಕೆಲಸ, ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೆ. ಬಾಗಿಲು ತೆರೆಯದೇ ಇರುವ ಅಕಲೇಸಿಯಾ ಎಂಬ ಕಾಯಿಲೆಯಲ್ಲೂ ಎದೆ ಉರಿಯುತ್ತದೆ. ಅಂಥವರ ಬಾಗಿಲನ್ನು ಆಪರೇಷನ್ ಮಾಡಿ ಇನ್ನಷ್ಟು ಬಿಗಿದರೆ ನೀರೂ ಇಳಿಯದಂತಾಗುತ್ತದೆ. ಈ ಪರೀಕ್ಷೆಯಿಲ್ಲದೆ ಆಪರೇಷನ್ ಮಾಡುತ್ತೇವೆ ಎನ್ನುವವರಿಂದ ಎದ್ದು ಬನ್ನಿ.

ಆಮೇಲೆ ಮೂಗಿನಿಂದಲೇ ತೆಳ್ಳನೆಯ ತಂತಿ. ಎಡ ಹೊಳ್ಳೆಯಿಂದ ಹೊರಬಂದು, ಕೆನ್ನೆಯ ಮೇಲೆ ಪ್ಲಾಸ್ಟರಿನಲ್ಲಿ ಅಂಟಿ, ಕಿವಿಯ ಹಿಂದಿನಿಂದ ಇಳಿದು, ಹೆಗಲಿಗೆ ನೇತುಬಿದ್ದ ಪುಟ್ಟ ಪೆಟ್ಟಿಗೆ ಸೇರುತ್ತಿತ್ತು. ಉರಿ ಬಂದಾಗ ಒಂದು ಗುಂಡಿ, ಊಟಕ್ಕೆ ಒಂದು, ಮಲಗಿದಾಗ ಒಂದು. ಜೊತೆಗೆ ಬರೆದಿಡಲು ಒಂದು ಹಾಳೆ; ಈ ಕೆಲಸ ಮಾತ್ರ ನನಗೆ ಹೊಸದಲ್ಲ. ಮರುದಿನ ಅದೇ ಹೊತ್ತಿಗೆ ಬಂದು ತೆಗೆಸಿಕೊಳ್ಳಿ, ದಿನವೂ ತಿನ್ನುವುದನ್ನೇ ತಿನ್ನಿ ಎಂದು ಕಳಿಸಿದರು. ರಾಜಾಜಿನಗರದಲ್ಲಿ ತಂಗಿಯ ಮಗಳ ಮನೆ. ಬಾಗಿಲು ತೆಗೆದವಳೇ ಗಾಬರಿಯಾಗಿ, "ಮಾಮ, ಗಂಜಿ ಮಾಡಿಕೊಡಲೇ?" ಎಂದಳು. ಇಲ್ಲಿ ಎಚ್ಚರ: ಪಥ್ಯ ಮಾಡಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಕಾಯಿಲೆಯವನ ದಿನಚರಿಯಲ್ಲ, ಕಾಯಿಲೆ ಬರಿಸುವ ದಿನಚರಿ ಬೇಕು. ಸಂಜೆ ಇಬ್ಬರೂ ಹೊರಗೆ ಹೋದೆವು. ದಾವಣಗೆರೆ ಬೆಣ್ಣೆ ದೋಸೆ ಎಂಬ ಬೋರ್ಡಿನಡಿ ನಿಂತು, ಮೂಗಿನ ತಂತಿಯನ್ನು ಟವೆಲಿನಿಂದ ಮರೆಮಾಡಿಕೊಂಡು ಎರಡು ದೋಸೆ ತಿಂದೆ. ದೋಸೆ ನಮ್ಮೂರಿನದಲ್ಲ ಎಂದು ಮೊದಲ ತುತ್ತಿಗೇ ತಿಳಿಯಿತು. ಇಪ್ಪತ್ತು ನಿಮಿಷದ ಮೇಲೆ ಬಂದ ಉರಿ ಮಾತ್ರ ಅಪ್ಪಟ ದಾವಣಗೆರೆಯದು. ಗುಂಡಿ ಒತ್ತಿದೆ.

ವರದಿಯಲ್ಲಿ ನೋಡಬೇಕಾದ ಅಂಕಿ ಒಂದು. ಒಟ್ಟು ಸಮಯದಲ್ಲಿ ಅನ್ನನಾಳದ ಪಿಎಚ್ ನಾಲ್ಕಕ್ಕಿಂತ ಕೆಳಗೆ (ಕೆಳಗಿಳಿದಷ್ಟೂ ಆಮ್ಲ ಹೆಚ್ಚು) ಇದ್ದದ್ದು ಶೇಕಡಾ ಎಷ್ಟು ಎಂಬುದು. ಶೇ 4ಕ್ಕಿಂತ ಕಡಿಮೆ ಇದ್ದರೆ ಸಹಜ. ಶೇ 6ಕ್ಕಿಂತ ಹೆಚ್ಚಿದ್ದರೆ, ಅಂದರೆ ದಿನದಲ್ಲಿ ಸುಮಾರು 86 ನಿಮಿಷ ದಾಟಿದರೆ, ಕಾಯಿಲೆ ಖಚಿತ. ನಡುವೆ ಬಂದರೆ ಉಳಿದ ಪರೀಕ್ಷೆಗಳ ಜೊತೆ ಇಟ್ಟು ನೋಡಬೇಕು. ಎರಡನೆಯದಾಗಿ, ಗುಂಡಿ ಒತ್ತಿದ ಹೊತ್ತಿಗೂ ಆಮ್ಲ ಏರಿದ ಹೊತ್ತಿಗೂ ತಾಳೆಯಾಗುತ್ತದೆಯೇ ಎಂಬುದು. ನನ್ನದು ಶೇ 11, ತಾಳೆಯೂ ಆಯಿತು.

ಅಕ್ಕನ ಲೆಕ್ಕ ತಾಳೆಯಾಗಲಿಲ್ಲ. ಒಂದು ದಿನದಲ್ಲಿ 31 ಸಲ ಗುಂಡಿ ಒತ್ತಿದ್ದರು, ಆಮ್ಲ ಮೇಲೇರಿದ್ದು ಶೇ 2ಕ್ಕೂ ಕಡಿಮೆ. ಉರಿ ಸುಳ್ಳಲ್ಲ; ಅನ್ನನಾಳದ ನರಗಳೇ ಅತಿ ಸೂಕ್ಷ್ಮವಾಗಿ, ಇಲ್ಲದ ಬೆಂಕಿಗೆ ಬೊಬ್ಬೆ ಹಾಕುತ್ತವೆ. ಫಂಕ್ಷನಲ್ ಹಾರ್ಟ್‌ಬರ್ನ್ ಎನ್ನುತ್ತಾರೆ. ಬಾಗಿಲು ಬಿಗಿದರೆ ಇದು ಹೋಗುವುದಿಲ್ಲ, ಆಪರೇಷನ್ನಿನ ತೊಂದರೆಗಳು ಮಾತ್ರ ಮೇಲೆ ಬಂದು ಕೂರುತ್ತವೆ. ಅಕ್ಕನಿಗೆ ರಾತ್ರಿ ಹೊತ್ತು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರು. ಔಷಧ ಅಂಗಡಿಯವನು ಇದು ಖಿನ್ನತೆಯ ಮಾತ್ರೆ ಎಂದುಬಿಟ್ಟ. "ನನಗೇನು ತಲೆ ಕೆಟ್ಟಿದೆಯೇ?" ಎಂದು ಅಕ್ಕ ಅದನ್ನು ಹದಿನೈದು ದಿನ ಡಬ್ಬಿಯಲ್ಲೇ ಇಟ್ಟಿದ್ದರು. ಕಡಿಮೆ ಪ್ರಮಾಣದಲ್ಲಿ ಅದು ನರಗಳ ಬೊಬ್ಬೆ ತಗ್ಗಿಸಲು ಕೊಡುವ ಔಷಧ ಎಂದು ವೈದ್ಯರೇ ಫೋನಿನಲ್ಲಿ ಹೇಳಿದ ಮೇಲೆ ಶುರು ಮಾಡಿದರು. ಈಗ ಉರಿ ಅರ್ಧಕ್ಕೆ ಇಳಿದಿದೆ.

366ರಲ್ಲಿ 78

ಪುರಾವೆ ಏಕೆ ಬೇಕೆಂದು ಇನ್ನೂ ಅನುಮಾನವಿರುವವರಿಗೆ ಒಂದು ಲೆಕ್ಕ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ, ಮಾತ್ರೆ ಕೇಳುತ್ತಿಲ್ಲ ಎಂಬ 366 ಜನರನ್ನು ಸೇರಿಸಿಕೊಂಡರು. ಒಮೆಪ್ರಜೋಲನ್ನು ದಿನಕ್ಕೆರಡು ಬಾರಿ ಸರಿಯಾದ ಹೊತ್ತಿಗೆ ಎರಡು ವಾರ ಕೊಟ್ಟಾಗಲೇ 42 ಜನರಿಗೆ ಗುಣ ಕಂಡಿತು. 99 ಜನರದ್ದು ನನ್ನ ಅಕ್ಕನ ಜಾತಿಯ ಉರಿ. ಬೇರೆ ಕಾಯಿಲೆಯವರು, ಪರೀಕ್ಷೆ ಪೂರೈಸದವರು ಎಲ್ಲ ಕಳೆದು, ಆಪರೇಷನ್ನಿನ ಪ್ರಯೋಗಕ್ಕೆ ಅರ್ಹರಾಗಿ ಉಳಿದದ್ದು 78 ಜನ. ಆ 78ರಲ್ಲಿ ಆಪರೇಷನ್ ಆದವರ ಪೈಕಿ ಶೇ 67 ಜನರಿಗೆ ಒಳ್ಳೆಯ ಗುಣ ಸಿಕ್ಕಿತು. ಹೆಚ್ಚುವರಿ ಔಷಧ ಕೊಟ್ಟವರಲ್ಲಿ ಶೇ 28, ಹಳೆಯ ಮಾತ್ರೆಯಲ್ಲೇ ಉಳಿದವರಲ್ಲಿ ಶೇ 12. ಜರಡಿ ಹಿಡಿದ ಮೇಲೆ ಉಳಿದವರಿಗೆ ಆಪರೇಷನ್ ನಿಜಕ್ಕೂ ಬಲವಾದ ಮದ್ದು. ಜರಡಿಯನ್ನೇ ಹಿಡಿಯದೆ ಹೋದವರ ಕತೆ ಬೇರೆ.

ಮಾತ್ರೆ ಚೆನ್ನಾಗಿ ಕೇಳುವವರ ಲೆಕ್ಕ ಇನ್ನೊಂದು. ಯೂರೋಪಿನಲ್ಲಿ ಅಂಥ 554 ಜನರನ್ನು ಎರಡು ಪಾಲು ಮಾಡಿ ಐದು ವರ್ಷ ನೋಡಿದಾಗ, ಮಾತ್ರೆಯವರಲ್ಲಿ ಶೇ 92, ಆಪರೇಷನ್ನಿನವರಲ್ಲಿ ಶೇ 85 ಜನ ನೆಮ್ಮದಿಯಾಗಿದ್ದರು. ಸ್ವೀಡನ್ನಿನಲ್ಲಿ ಆಪರೇಷನ್ ಆದ 2,655 ಜನರಲ್ಲಿ ಶೇ 17.7 ಜನರಿಗೆ ಕಾಯಿಲೆ ಮರುಕಳಿಸಿತು, ಹೆಚ್ಚಿನವರು ಮತ್ತೆ ಮಾತ್ರೆಗೇ ಬಂದರು. ಜೀವನಪೂರ್ತಿ ಮಾತ್ರೆ ತಪ್ಪುತ್ತದೆ ಎಂದು ಯಾರಾದರೂ ಬಾಂಡ್ ಪೇಪರಿನಲ್ಲಿ ಬರೆದುಕೊಡುವಂತೆ ಮಾತಾಡಿದರೆ ನಂಬಬೇಡಿ.

ಹಾಗಾದರೆ ಆಪರೇಷನ್ ಯಾರಿಗೆ? ನನ್ನಂಥವರಿಗೆ: ಮಾತ್ರೆಯಿಂದ ಉರಿ ಇಳಿಯಿತು, ಆದರೆ ಮಲಗಿದ ಕೂಡಲೇ ಹುಳಿನೀರು ಗಂಟಲಿಗೆ ನುಗ್ಗುವುದು ನಿಲ್ಲಲಿಲ್ಲ. ರಾತ್ರಿ ಎರಡಕ್ಕೆ ಕೆಮ್ಮುತ್ತ ಎದ್ದು ಕೂರುತ್ತಿದ್ದೆ, ದಿಂಬಿನ ಮೇಲೆ ರಾತ್ರಿಯ ಸಾರಿನ ವಾಸನೆ. ಮಾತ್ರೆ ಆಮ್ಲವನ್ನು ಕಡಿಮೆ ಮಾಡುತ್ತದೆಯೇ ಹೊರತು ಬಾಗಿಲು ಹಾಕುವುದಿಲ್ಲ. ದೊಡ್ಡ ಹರ್ನಿಯಾ ಇರುವವರು, ಮಾತ್ರೆಯಲ್ಲೂ ಹುಣ್ಣು ಮಾಗದವರು, ಪುರಾವೆಯಿದ್ದೂ ಮಾತ್ರೆ ಒಗ್ಗದವರು ಕೂಡ ಇದೇ ಸಾಲಿನವರು. ಬರೀ ಕೆಮ್ಮು, ಗಂಟಲು ಕೆರೆತಕ್ಕಾಗಿ ಮಾಡಿಸಿಕೊಳ್ಳುವವರು ಹೆಚ್ಚು ಎಚ್ಚರ ವಹಿಸಬೇಕು, ಅವುಗಳಿಗೆ ಫಲ ಅಷ್ಟು ಖಚಿತವಲ್ಲ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 35 ದಾಟಿದವರು ಗ್ಯಾಸ್ಟ್ರಿಕ್ ಬೈಪಾಸ್ ಬಗ್ಗೆ ಕೇಳಬೇಕು; ತೂಕ ಇಳಿಸುವ ಇನ್ನೊಂದು ಆಪರೇಷನ್ ಆದ ಸ್ಲೀವ್, ಎದೆಯುರಿಯನ್ನು ಹೆಚ್ಚಿಸಬಹುದು.

ತೇಗು ಮತ್ತು ಮುದ್ದೆ

ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು. ಮೇಲೆ ನುಸುಳಿದ ಜಠರವನ್ನು ಕೆಳಗೆಳೆದು, ವಪೆಯ ಕಿಂಡಿಯನ್ನು ಹೊಲಿದು ಚಿಕ್ಕದು ಮಾಡಿ, ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಮಫ್ಲರಿನಂತೆ ಸುತ್ತಿ ಹೊಲಿಯುತ್ತಾರೆ. ಪೂರ್ತಿ ಸುತ್ತಿದರೆ ನಿಸ್ಸೆನ್, ಹಿಂಬದಿಯಿಂದ ಮುಕ್ಕಾಲು ಸುತ್ತಿದರೆ ಟೂಪೆ. ರುಡಾಲ್ಫ್ ನಿಸ್ಸೆನ್ 1950ರ ದಶಕದಲ್ಲಿ ಶುರುಮಾಡಿದ್ದು. 1991ರಿಂದ ಲ್ಯಾಪ್ರೋಸ್ಕೋಪಿಯಲ್ಲಿ ನಡೆಯುತ್ತಿದೆ.

ಸುತ್ತು ಬಿಗಿಯಾದ ಮೇಲೆ ಕೆಳಗಿನದು ಮೇಲೆ ಬರುವುದಿಲ್ಲ, ಗಾಳಿಯೂ ಸೇರಿದಂತೆ. ಉಂಡು ಎದ್ದವನು ಜೋರಾಗಿ ಒಂದು ತೇಗು ತೇಗದಿದ್ದರೆ ಬಡಿಸಿದವರಿಗೆ ಸಮಾಧಾನವಿಲ್ಲದ ಸೀಮೆ ನಮ್ಮದು. ನನಗೆ ಮೂರು ತಿಂಗಳು ಒಂದು ತೇಗೂ ಬರಲಿಲ್ಲ. ಹೊಟ್ಟೆ ನಗಾರಿಯಂತೆ ಉಬ್ಬುತ್ತಿತ್ತು, ಗಾಳಿ ಕೆಳಗಿನ ದಾರಿಯನ್ನೇ ಹಿಡಿಯುತ್ತಿತ್ತು. ಅಂಗಡಿಯಲ್ಲಿ ಗದ್ದಿಗೆಯ ಮೇಲೆ ಕೂತವನಿಗೆ ಇದರ ಮುಜುಗರ ಸಣ್ಣದಲ್ಲ. ಈಗ ಚಿಕ್ಕ ತೇಗು ಬರುತ್ತದೆ. ಮುಕ್ಕಾಲು ಸುತ್ತಿನಲ್ಲಿ ಈ ಕಾಟ ಕಡಿಮೆ, ಹಾಗಾಗಿ ಯಾವ ಸುತ್ತು, ಏಕೆ ಎಂದು ಮೊದಲೇ ಕೇಳಿ. ವಾಂತಿ ಮಾಡುವುದೂ ಕಷ್ಟವಾಗಬಹುದು. ಗೋಲಿ ಸೋಡಾದ ಸಹವಾಸ ಬಿಡಬೇಕು.

ಇನ್ನೊಂದು ಮುದ್ದೆ. ಆಪರೇಷನ್ ಆದ ಮೇಲೆ ಕೆಲವು ವಾರ ಬಾವು ಇರುವುದರಿಂದ ಗಟ್ಟಿ ಪದಾರ್ಥ ಸಿಕ್ಕಿಕೊಳ್ಳುತ್ತದೆ. ಮೊದಲು ತಿಳಿ, ಆಮೇಲೆ ಗಂಜಿ, ರಾಗಿ ಅಂಬಲಿ, ಕಿವುಚಿದ ಅನ್ನ, ಹೀಗೆ ನಾಲ್ಕಾರು ವಾರ ಏರುತ್ತಾ ಹೋಗಬೇಕು, ಪ್ರತಿ ತುತ್ತನ್ನೂ ಅಗಿದು ಅಗಿದು ತಿನ್ನಬೇಕು. ಆಸ್ಪತ್ರೆಯ ಪಥ್ಯದ ಹಾಳೆಯಲ್ಲಿ ಬ್ರೆಡ್ ಬೇಡ ಎಂದಿತ್ತು, ಮುದ್ದೆಯ ಸುದ್ದಿಯಿಲ್ಲ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಗುಳುಕ್ಕನೆ ನುಂಗುತ್ತೇವೆ. ನಾನೇ ಬಾಯಿಬಿಟ್ಟು ಕೇಳಿದಾಗ ಸರ್ಜನ್ ಪೆನ್ನು ಕೆಳಗಿಟ್ಟು, ಎರಡು ತಿಂಗಳು ಆ ಕಡೆ ನೋಡಲೇಬೇಡಿ ಎಂದರು. ಒಣ ಜೋಳದ ರೊಟ್ಟಿಗೂ ಅದೇ ಅಪ್ಪಣೆ.

ಸರ್ಜನ್ ಎದುರು ಕೂತಾಗ

ವರ್ಷಕ್ಕೆ ಇದೇ ಆಪರೇಷನ್ ಎಷ್ಟು ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ರೋಗಿಗಳಲ್ಲಿ ಎಷ್ಟು ಜನ ಮತ್ತೆ ಮಾತ್ರೆಗೆ ಬಂದಿದ್ದಾರೆ ಎಂದೂ ಕೇಳಿ. ಯಾರೂ ಇಲ್ಲ ಎಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ನನಗೆ ಸಿಕ್ಕವರು, "ಬಂದಿದ್ದಾರೆ, ನೀವೂ ಬರಬಹುದು" ಎಂದರು. ಅಲ್ಲಿಗೇ ನನ್ನ ಮನಸ್ಸು ಒಪ್ಪಿತು.

ಹಣದ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ 1.5 ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನಿಮಗೆ ಹೇಳಿದ ಆಪರೇಷನ್ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕರಾಗಿರುವ ಆರೋಗ್ಯ ಮಿತ್ರರನ್ನು ಕೇಳಿಯೇ ದಾಖಲಾಗಿ. ಖಾಸಗಿ ವಿಮೆಯಿದ್ದರೆ ಹರ್ನಿಯಾಕ್ಕೆ ಕಾಯುವ ಅವಧಿ ಮುಗಿದಿದೆಯೇ ನೋಡಿ. ಹೊರರೋಗಿಯಾಗಿ ಮಾಡಿಸಿದ ಪಿಎಚ್ ಪರೀಕ್ಷೆಯ ಖರ್ಚು ನನಗೆ ವಾಪಸು ಬರಲಿಲ್ಲ.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ನೋಡಿ. ಆಸ್ಪತ್ರೆಯಲ್ಲಿ ಇರುವುದು ಒಂದೆರಡು ದಿನವಾದರೂ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಹಮಾಲಿ ಮಾಡುವವರು ಎಷ್ಟು ದಿನ ರಜೆ ಎಂದು ಬಿಡಿಸಿ ಕೇಳಬೇಕು. ನಾನು ಮೆಕ್ಕೆಜೋಳದ ಸುಗ್ಗಿ ಮುಗಿಸಿಕೊಂಡು ಫೆಬ್ರುವರಿಯಲ್ಲಿ ಮಾಡಿಸಿದೆ. ದುಗ್ಗಮ್ಮನ ಜಾತ್ರೆ ಇರುವ ವರ್ಷವಾದರೆ ಆ ಹೊತ್ತು ಬೇಡ. ಮನೆಗೆ ಬಂದ ನೆಂಟರು ಒಂದೇ ಒಂದು ತುತ್ತು ಎಂದು ಬಲವಂತ ಮಾಡದೆ ಬಿಡುವುದಿಲ್ಲ.

ಆಪರೇಷನ್ ಆದ ಒಂದೆರಡು ದಿನ ಭುಜ ನೋಯುತ್ತದೆ. ಹೊಟ್ಟೆಗೆ ತುಂಬಿಸಿದ ಅನಿಲ ವಪೆಯನ್ನು ಕೆರಳಿಸಿದ್ದರಿಂದ ಹಾಗೆ, ತಾನಾಗಿ ಹೋಗುತ್ತದೆ. ಉಗುಳೂ ಇಳಿಯದಿದ್ದರೆ, ಜ್ವರ ಬಂದರೆ, ಎದೆ ಅಥವಾ ಹೊಟ್ಟೆ ತೀವ್ರವಾಗಿ ನೋಯತೊಡಗಿದರೆ, ವಾಂತಿ ಬಿಡದಿದ್ದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ.

ಎಂಡೋಸ್ಕೋಪಿಯ ಫೋಟೊ, ಮಾನೋಮೆಟ್ರಿಯ ಬಣ್ಣದ ಹಾಳೆ, ಪಿಎಚ್ ವರದಿ, ಯಾವ ಸುತ್ತು ಹಾಕಿದರೆಂದು ಬರೆದ ಆಪರೇಷನ್ ಟಿಪ್ಪಣಿ, ಈ ನಾಲ್ಕನ್ನೂ ಕೇಳಿ ಪಡೆಯಿರಿ. ಡಿಸ್‌ಚಾರ್ಜ್ ಕಾರ್ಡ್ ಒಂದನ್ನೇ ಕೊಟ್ಟು ಕಳಿಸುವುದುಂಟು. ಐದಾರು ವರ್ಷದ ಮೇಲೆ ಸುತ್ತು ಸಡಿಲವಾಗಿ ಬೇರೊಬ್ಬ ಸರ್ಜನ್ ಬಳಿ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದೇ ಇವನ್ನು. ನನ್ನವು ಅಂಗಡಿಯ ಕಪಾಟಿನಲ್ಲಿ, ಜಿಎಸ್‌ಟಿ ಕಡತಗಳ ಪಕ್ಕದಲ್ಲಿ, ಗ್ಯಾಸ್ಟ್ರಿಕ್ ಎಂದು ಬರೆದ ಫೈಲಿನಲ್ಲಿವೆ. ಹೆಸರು ಬದಲಿಸಬೇಕೆಂದುಕೊಂಡೇ ಎರಡು ವರ್ಷವಾಯಿತು.